ನಾವು ಕಟ್ಟಡದ ಅಳತೆಗೋಲಲ್ಲ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಸುತ್ತಮುತ್ತ ಹೋದರೆ ನೋಡಬಹುದು. ಮಡಚುವ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ದಪ್ಪ ಹಾಳೆಯ ಪುಸ್ತಕ ಬಿಚ್ಚಿಕೊಂಡು, ಶಾಯಿ ಪೆನ್ನಿನಲ್ಲಿ ಅಠಾರಾ ಕಚೇರಿ ಬರೆಯುವವರು ಕೂತಿರುತ್ತಾರೆ. 1868ರಲ್ಲಿ ಮುಗಿದ ಕೆಂಪು ಕಟ್ಟಡ. ಅದರ ಒಂದೊಂದು ಕಂಬ, ಒಂದೊಂದು ಕಿಟಕಿ, ಕಿಟಕಿಯ ಸರಳು ಕೂಡ ಹಾಳೆಯ ಮೇಲೆ ಬರುತ್ತದೆ. ಕೊನೆಗೆ, ಕೆಳಗಡೆ ಜಾಗ ಉಳಿದಿದ್ದರೆ, ನಾಲ್ಕು ಮಂದಿ ಮನುಷ್ಯರು ಬರುತ್ತಾರೆ. ತಲೆಗೊಂದು ಚುಕ್ಕೆ, ಮೈಗೆರಡು ಗೆರೆ. ಮುಖ ಇಲ್ಲ.

ಯಾಕೆ ಸ್ವಾಮಿ ಮುಖ ಇಲ್ಲ ಅಂತ ಕೇಳಿದರೆ ಉತ್ತರ ಸಿದ್ಧವಾಗಿದೆ. ಅವರು ಅಳತೆಗೆ. ಕಟ್ಟಡ ಎಷ್ಟು ಎತ್ತರ ಅಂತ ನೋಡುವವರಿಗೆ ತಿಳಿಯಬೇಕಲ್ಲ, ಅದಕ್ಕೆ ಪಕ್ಕದಲ್ಲೊಬ್ಬ ಮನುಷ್ಯ. ಚಿತ್ರ ಕಲಿಸುವ ಪುಸ್ತಕಗಳೂ ಹೀಗೇ ಹೇಳಿಕೊಡುತ್ತವೆ. ಅಂದರೆ ಕಲ್ಲು ಹೊತ್ತವನು ಕಲ್ಲಿಗೆ ಅಳತೆಗೋಲು. 1956ರಲ್ಲಿ ಮುಗಿದ ವಿಧಾನಸೌಧವನ್ನು ಬರೆದವರಿಗೆ ಲೆಕ್ಕವಿಲ್ಲ. ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರು ಎಲ್ಲರಿಗೂ ಗೊತ್ತು. ಅಲ್ಲಿ ಕೂಲಿಗಳ ಜತೆ ಜೈಲಿನ ಕೈದಿಗಳೂ ದುಡಿದರು. ಅವರ ಹೆಸರು ಯಾರಿಗೆ ಗೊತ್ತು?

ನಮಗೆ ಕಲೆಯ ಮೇಲೆ ಹಗೆಯಿಲ್ಲ. ಸ್ಥಳದಲ್ಲೇ ಕೂತು, ಕಣ್ಣೆದುರು ಇದ್ದದ್ದನ್ನು ಮಸಿಯಲ್ಲಿ ಬರೆಯುವುದು ದೊಡ್ಡ ಕೆಲಸ ಅಂತಲೇ ನಾವು ತಿಳಿದಿದ್ದೇವೆ. 2007ರಲ್ಲಿ ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಾಂಪನಾರಿಯೊ ಅಂತರ್ಜಾಲದಲ್ಲಿ ಶುರುಮಾಡಿದ 'ಅರ್ಬನ್ ಸ್ಕೆಚರ್ಸ್' ಗುಂಪು ಇವತ್ತು ಲೋಕದ ನೂರಾರು ಊರುಗಳಿಗೆ ಹಬ್ಬಿದೆ. ಕಂಡದ್ದಕ್ಕೆ ನಿಷ್ಠರಾಗಿರಬೇಕು ಅನ್ನುವುದು ಅವರ ಪ್ರಣಾಳಿಕೆಯಲ್ಲಿದೆ. ಒಳ್ಳೆಯ ಮಾತು. ಆ ಮಾತನ್ನೇ ಹಿಡಿದು ನಾವು ಕೇಳುತ್ತೇವೆ: ಬೆಳಗಿನ ಜಾವ ಆ ರಸ್ತೆ ಗುಡಿಸಿ ಹೋದವಳು ನಿಮಗೆ ಕಾಣಲಿಲ್ಲವೊ? ಅಥವಾ ಕಂಡೂ ಚಿತ್ರಕ್ಕೆ ಹೊಂದಲಿಲ್ಲವೊ? ರಸ್ತೆ ಮಧ್ಯದ ಮ್ಯಾನ್‌ಹೋಲ್ ಮುಚ್ಚಳ ದೂರದಿಂದ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ, ಅದನ್ನು ಹಾಗೇ ಬರೆಯಬೇಕು ಅಂತ ಕಲಿಸುತ್ತೀರಿ. ಆ ಮುಚ್ಚಳದ ಕೆಳಗೆ ಇಳಿಯುವವರು ಯಾರು? 1993ರಲ್ಲಿ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು ಬಂತು. ಉಸಿರುಗಟ್ಟಿ ಸಾಯುವುದು ನಿಂತಿಲ್ಲ. ಮುಚ್ಚಳದ ಆಕಾರ ಸರಿಯಾಗಿ ಬಂದರೆ ಚಿತ್ರ ನಿಜವಾಯಿತೇನು?

ಮಸಿ ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ಅಜ್ಜಂದಿರಿಗೆ ಮಸಿ ಅಂದರೆ ಹೆಬ್ಬೆಟ್ಟಿನ ಮಸಿ. ಸಾಹುಕಾರ ಕೈ ಹಿಡಿದು ಸಾಲಪತ್ರಕ್ಕೆ ಒತ್ತಿಸಿಕೊಂಡದ್ದು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬರುವ ತನಕ, ಬಂದ ಮೇಲೂ, ಆ ಒಂದು ಗುರುತು ಮೂರು ತಲೆಮಾರನ್ನು ಗೌಡನ ಕೊಟ್ಟಿಗೆಗೆ ಕಟ್ಟಿಹಾಕುತ್ತಿತ್ತು. ಬೆರಳು ನಮ್ಮದು, ಮಸಿ ಅವರದು, ಬರಹ ಅವರದು.

ಚಿತ್ರದ ಕತೆಯೂ ಇದೇ. 1790ರ ದಶಕದಲ್ಲಿ ಬೆಲ್ಜಿಯಂ ಕಡೆಯ ಸಾಲ್ವಿನ್ಸ್ ಎಂಬ ಚಿತ್ರಕಾರ ಕಲ್ಕತ್ತೆಯಲ್ಲಿ ಕಂಡ ಜನರನ್ನು ಬರೆದು ಇನ್ನೂರೈವತ್ತು ಚಿತ್ರಗಳನ್ನು ಅಚ್ಚುಹಾಕಿದ. ಅದರ ಮೊದಲ ಭಾಗವೇ ಜಾತಿಗಳು, ಅವುಗಳ ಕಸುಬುಗಳು. ಕಂಪನಿ ಸರ್ಕಾರದ ಕಾಲದಲ್ಲಿ ತಂಜಾವೂರಿನ ಚಿತ್ರಕಾರರು ಸಾಹೇಬರಿಗೆ ಆಲ್ಬಮ್ ಮಾಡಿಕೊಟ್ಟರು. ಹಾಳೆಗೊಂದು ಜೋಡಿ. ಗಂಡ, ಹೆಂಡತಿ, ಕೈಯಲ್ಲಿ ಕಸುಬಿನ ಉಪಕರಣ, ಕೆಳಗೆ ಜಾತಿಯ ಹೆಸರು. ಮನುಷ್ಯರ ಹೆಸರಿಲ್ಲ. ಕಸಬರಿಗೆ ಹಿಡಿದವನಿಗೆ ಕಸಬರಿಗೆಯೇ ಮುಖ. ಊರಿನಲ್ಲಿ ಮನು ಮಾಡಿದ್ದನ್ನು ಹಾಳೆಯಲ್ಲಿ ಸಾಹೇಬ ಮಾಡಿಸಿದ. ಆ ಆಲ್ಬಮ್ಮುಗಳು ಇವತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಕ್ಷೇಮವಾಗಿವೆ. ಬರೆಸಿಕೊಂಡವರು ಎಲ್ಲಿ ಮಣ್ಣಾದರೋ ಯಾವ ಪುಸ್ತಕದಲ್ಲೂ ಇಲ್ಲ.

ಅದೇ ಮಸಿಯಿಂದ ಬೇರೆ ಕೆಲಸವನ್ನೂ ಮಾಡಿದವರಿದ್ದಾರೆ. ನಮ್ಮ ವಿದ್ಯಾರ್ಥಿ ಗೆಳೆಯರು, ಹಳ್ಳಿಯ ಮೇಷ್ಟರುಗಳು ಇದನ್ನು ತಿಳಿಯಬೇಕು. 1943ರಲ್ಲಿ ಬಂಗಾಳಕ್ಕೆ ಬರ ಬಡಿಯಿತು. ಬರ ಬಡಿಯಿತು ಅನ್ನುವುದೂ ಸುಳ್ಳು. ಯುದ್ಧದ ಹೆಸರಿನಲ್ಲಿ 1942ರಿಂದಲೇ ಬ್ರಿಟಿಷ್ ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು. ಅಕ್ಕಿಯ ಬೆಲೆ ಕೂಲಿಯವರ ಕೈಗೆ ಎಟುಕದ ಹಾಗೆ ಏರಿತು. ಸುಮಾರು ಮೂವತ್ತು ಲಕ್ಷ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ಕೂಲಿಗಳು, ಮೀನುಗಾರರು, ದೋಣಿ ನಡೆಸುವವರು, ಭತ್ತ ಕುಟ್ಟುವ ಹೆಂಗಸರು.

ಆಗ ಕಲ್ಕತ್ತೆಯ ಕಲಾಶಾಲೆಯ ಮೇಷ್ಟ್ರು ಜೈನುಲ್ ಅಬೇದಿನ್ ಬೀದಿಗಿಳಿದರು. ಇದ್ದಿಲಿನಿಂದ ತಾವೇ ಮಸಿ ಮಾಡಿಕೊಂಡು, ಸಾಮಾನು ಸುತ್ತುವ ಅಗ್ಗದ ಕಾಗದದ ಮೇಲೆ ಬರೆದರು. ಕಸದ ತೊಟ್ಟಿಯ ಪಕ್ಕದ ತಾಯಿ, ಮಗು, ಕಾಯುತ್ತಿರುವ ಕಾಗೆ. ನಮ್ಮ ಹಳ್ಳಿ ಶಾಲೆಯಲ್ಲಿ ಇದ್ದಿಲು ಅರೆದು ಸೊಪ್ಪಿನ ರಸ ಬೆರೆಸಿ ಹಲಗೆಗೆ ಬಳಿದ ಮಕ್ಕಳಿಗೆ ಆ ಮಸಿ ಪರಿಚಯದ್ದೇ.

ಅದೇ ವರ್ಷದ ನವೆಂಬರಿನಲ್ಲಿ ಚಿತ್ತಪ್ರಸಾದ್ ಎಂಬ ತರುಣ ಮಿಡ್ನಾಪುರ ಜಿಲ್ಲೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ. ಹುಟ್ಟಿದ್ದು ಭಟ್ಟಾಚಾರ್ಯರ ಮನೆಯಲ್ಲಿ. ಜಾತಿಯನ್ನು ಧಿಕ್ಕರಿಸಿ ಆ ಬಾಲವನ್ನು ಕತ್ತರಿಸಿ ಎಸೆದಿದ್ದ. ಹಸಿದವರ ಎದುರು ಕೂತು ಮಸಿಯಲ್ಲಿ ಬರೆದ. ಬರೆದು ಸುಮ್ಮನಾಗಲಿಲ್ಲ, ಅವರೊಂದಿಗೆ ಮಾತಾಡಿದ. ಯಾರು, ಯಾವ ಊರು, ಏನಾಯಿತು ಅಂತ ಚಿತ್ರದ ಜತೆ ಬರೆದಿಟ್ಟ. 'ಹಂಗ್ರಿ ಬೆಂಗಾಲ್' ಎಂಬ ಸಣ್ಣ ಪುಸ್ತಕವಾಗಿ ಅದು ಹೊರಬಂತು. ಸರ್ಕಾರ ಐದು ಸಾವಿರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟುಹಾಕಿತು. ಯೋಚಿಸಿ ಗೆಳೆಯರೇ. ಜಾತಿಯ ಆಲ್ಬಮ್ಮನ್ನು ಜೋಪಾನ ಮಾಡಿದ ಸರ್ಕಾರಕ್ಕೆ ಹೆಸರಿದ್ದ ಹಸಿವನ್ನು ಕಂಡು ಹೆದರಿಕೆಯಾಯಿತು.

ಉಳಿದಿದ್ದ ಪ್ರತಿಯಿಂದ 2011ರಲ್ಲಿ ದೆಹಲಿಯ ಆರ್ಟ್ ಗ್ಯಾಲರಿಯೊಂದು ಆ ಪುಸ್ತಕವನ್ನು ಮತ್ತೆ ಅಚ್ಚುಹಾಕಿತು. ಒಳ್ಳೆಯದೇ ಆಯಿತು. ಆದರೆ ಹಸಿವಿನ ಚಿತ್ರಗಳು ಈಗ ಹರಾಜಿನಲ್ಲಿ ಬೆಲೆ ಬಾಳುತ್ತವೆ. ಆ ಹಸಿದವರ ಮೊಮ್ಮಕ್ಕಳು ಗ್ಯಾಲರಿಯ ಬಾಗಿಲಲ್ಲಿ ಕಾವಲು ಕಾಯುತ್ತಿರಬಹುದು, ಯಾರು ಬಲ್ಲರು?

ಇಲ್ಲಿಗೆ ಕೆಲವರು ಬಾಯಿ ತೆಗೀತಾರೆ. ಚಿತ್ರಕ್ಕೂ ರಾಜಕೀಯ ತರಬೇಡ್ರಿ, ನಾವು ಮನಸ್ಸಿನ ನೆಮ್ಮದಿಗೆ ಬರೆಯೋರು ಅಂತಾರೆ. ಬರೀರಿ, ಬೇಡ ಅಂದೋರ್ಯಾರು? ಆದರೆ ನಿಮ್ಮ ನೆಮ್ಮದಿಯ ಹಾಳೆಯಿಂದ ನಮ್ಮನ್ನು ಆಚೆ ಇಟ್ಟಿರಲ್ಲ, ಅದು ರಾಜಕೀಯವೇ. ಊರಿನ ಆಚೆ ಇಟ್ಟದ್ದಕ್ಕೂ ಆಗಿನವರು ಶುದ್ಧಿ ಅಂದರು, ರಾಜಕೀಯ ಅನ್ನಲಿಲ್ಲ.

ಇನ್ನು ಕೆಲವರು, ಮೊಬೈಲಿನಲ್ಲಿ ಕ್ಯಾಮೆರಾ ಇರುವಾಗ ಈ ಮಸಿ ಯಾಕೆ ಅಂತಾರೆ. ಯಾಕೆಂದರೆ ಮೊಬೈಲು ಕೇಳದೆ ಕಿತ್ತುಕೊಂಡು ಹೋಗುತ್ತದೆ, ಕಾರಿನ ಗಾಜು ಇಳಿಸದೆಯೂ ಕಿತ್ತುಕೊಳ್ಳುತ್ತದೆ. ಪೆನ್ನು ಹಿಡಿದವನು ಅರ್ಧ ಗಂಟೆ ಅದೇ ಬಿಸಿಲಲ್ಲಿ, ಅದೇ ವಾಸನೆಯಲ್ಲಿ ನಿಲ್ಲಬೇಕು. ನೀವು ಅವಳನ್ನು ನೋಡುತ್ತಿರುವಾಗ ಅವಳೂ ನಿಮ್ಮನ್ನು ನೋಡುತ್ತಾಳೆ. ಏನು ಸಾರ್, ಏನು ಬರ್ಕೊಳ್ತಾ ಇದ್ದೀರಿ ಅಂತ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ಇದ್ದವನು ಮಾತ್ರ ಬರೆಯಬೇಕು.

ಮತ್ತೆ ಕೆಲವರಿದ್ದಾರೆ. ಇವರು ನಮ್ಮ ಪರ ಅಂತ ಹೇಳಿಕೊಂಡೇ ಬರುತ್ತಾರೆ. ಸುಕ್ಕುಗಟ್ಟಿದ ಮುಖ, ಹರಿದ ಸೀರೆ, ಬಿರುಕು ಬಿಟ್ಟ ಹಿಮ್ಮಡಿ. ಆಹಾ, ಎಂಥ ಗೆರೆ! ಚೌಕಟ್ಟು ಹಾಕಿಸಿ ದಿವಾನಖಾನೆಗೆ ಮಾರುತ್ತಾರೆ. ಆ ಹಿಮ್ಮಡಿಯವಳು ಬಂದರೆ ಅದೇ ಮನೆಯಲ್ಲಿ ಕುಡಿಯೋಕೆ ಬೇರೆ ಲೋಟ. ನಮಗೆ ಈ ಕರುಣೆಯೂ ಬೇಡ. ನಮ್ಮವ್ವ ದಿನಪೂರ್ತಿ ಅಳುತ್ತಾ ಕೂರುವುದಿಲ್ಲ. ಬೈಯ್ತಾಳೆ, ನಗ್ತಾಳೆ, ಮೇಸ್ತ್ರಿಯ ಲೆಕ್ಕದಲ್ಲಿ ತಪ್ಪು ಹಿಡೀತಾಳೆ, ಎಲೆಅಡಿಕೆ ಮೆಲ್ಲುತ್ತಾ ಮೆರವಣಿಗೆಯಲ್ಲಿ ಮುಂದೆ ನಡೀತಾಳೆ. ಅದನ್ನು ಬರೆಯಿರಿ.

ಹಾಗಾದರೆ ಯಾರು ಬರೆಯಬೇಕು? ನಾವೇ ಬರೆಯಬೇಕು. ಹಾಸ್ಟೆಲಿನ ಹುಡುಗ ಹುಡುಗಿಯರೇ, ಇದಕ್ಕೆ ಕಲಾಶಾಲೆಯ ಸೀಟು ಬೇಕಾಗಿಲ್ಲ, ವಿದೇಶಿ ಪೆನ್ನು ಬೇಕಾಗಿಲ್ಲ. ಹತ್ತು ರೂಪಾಯಿ ಪೆನ್ನು ಸಾಕು, ಹಳೆ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ಕೆ.ಆರ್. ಮಾರ್ಕೆಟ್ಟಿಗೆ ಹೋಗಿ, ನಿಮ್ಮೂರ ಬಸ್‌ಸ್ಟ್ಯಾಂಡಿಗೆ ಹೋಗಿ. ಓಡಾಡುವ ಮನುಷ್ಯನನ್ನು ಬರೆಯುವುದು ಕಷ್ಟ ಅಂತ ಹೆದರಿಸುತ್ತಾರೆ. ದುಡಿಯುವವನನ್ನು ಗಮನಿಸಿ ನೋಡಿ. ಹಮಾಲಿ ಮೂಟೆಗೆ ಬೆನ್ನು ಕೊಡುತ್ತಾನೆ, ಹೋಗುತ್ತಾನೆ, ಮತ್ತೆ ಬಂದು ಅದೇ ಭಂಗಿಯಲ್ಲಿ ಬೆನ್ನು ಕೊಡುತ್ತಾನೆ. ಗುಡಿಸುವವಳ ತೋಳು ಹೋದ ದಾರಿಯಲ್ಲೇ ತಿರುಗಿ ಬರುತ್ತದೆ. ಮೊದಲ ಸಲ ಬೆನ್ನಿನ ಗೆರೆ ಹಿಡಿಯಿರಿ, ಎರಡನೇ ಸಲ ಕಾಲು, ಮೂರನೇ ಸಲ ಕೈ. ಭಾರ ಎಲ್ಲಿ ಬೀಳುತ್ತದೋ ಅಲ್ಲಿ ಗೆರೆ ದಪ್ಪವಾಗಲಿ. ಮಸಿಯನ್ನು ರಬ್ಬರಿನಲ್ಲಿ ಅಳಿಸಲಿಕ್ಕಾಗದು. ತಪ್ಪು ಗೆರೆ ಬಿದ್ದರೆ ಪಕ್ಕದಲ್ಲಿ ಸರಿ ಗೆರೆ ಎಳೆಯಿರಿ. ಎರಡೂ ಇರಲಿ. ಅವಸರದಲ್ಲಿ ಕಂಡದ್ದು ಅಂತ ನೋಡಿದವರಿಗೆ ಗೊತ್ತಾಗಲಿ. ಕಟ್ಟಡಕ್ಕೆ ಕೊನೆಗೆ ಜಾಗ ಉಳಿದರೆ ಉಳಿಯಲಿ, ಇಲ್ಲವಾದರೆ ಬಿಡಿ.

ಒಂದು ಮಾತು ಮರೆಯಬೇಡಿ. ಬರೆದಾದ ಮೇಲೆ ಅವರಿಗೆ ತೋರಿಸಿ. ಅಕ್ಕಾ, ಅಣ್ಣಾ, ಇದು ನೀವು, ಸರಿ ಇದೆಯಾ ಅಂತ ಕೇಳಿ. ಹೆಸರು ಕೇಳಿ ಬರೆಯಿರಿ, ದಿನಕ್ಕೆ ಎಷ್ಟು ಕೂಲಿ ಅಂತ ಕೇಳಿ ಅದನ್ನೂ ಬರೆಯಿರಿ. ಕಂತ್ರಾಟುದಾರನ ಭಯಕ್ಕೆ ಹೆಸರು ಬೇಡ ಅಂದರೆ ಒತ್ತಾಯ ಮಾಡಬೇಡಿ, ಭಯ ಇತ್ತು ಅಂತ ಬರೆಯಿರಿ. ಜಾತಿಯನ್ನು ನೀವಾಗಿ ಊಹಿಸಿ ಬರೆಯಲೇಬೇಡಿ. ಆ ಕೆಲಸವನ್ನು ಆಲ್ಬಮ್ಮಿನವರು ಮಾಡಿ ಮುಗಿಸಿದ್ದಾರೆ.

ಮೇಷ್ಟರುಗಳಿಗೆ ನಮ್ಮ ವಿನಂತಿ ಇಷ್ಟೆ. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ತೆಂಗಿನಮರ ಬರೆಸಿದ್ದು ಸಾಕು. ಮಕ್ಕಳು ತಮ್ಮ ಕೇರಿಯ ನಲ್ಲಿಯನ್ನು, ನಲ್ಲಿಯ ಮುಂದಿನ ಬಿಂದಿಗೆಯ ಸಾಲನ್ನು, ಸಾಲಿನಲ್ಲಿ ನಿಂತ ತಮ್ಮ ಅವ್ವನನ್ನು ಬರೆಯಲಿ. ಆ ಚಿತ್ರಗಳನ್ನು ಊರ ಚಾವಡಿಯಲ್ಲಿ ತೂಗುಹಾಕಿ. ಒಳಗೆ ಬಿಡದಿದ್ದರೆ ಚಾವಡಿಯ ಹೊರಗೋಡೆಗೆ ಅಂಟಿಸಿ. ಯಾರಾದರೂ ಬಂದು ಕೀಳಲಿ, ಆಗ ಯಾವ ಗೆರೆ ಯಾರಿಗೆ ಚುಚ್ಚಿತು ಅಂತ ಊರಿಗೆಲ್ಲ ಗೊತ್ತಾಗುತ್ತದೆ.