ಹಳೇ 800ಕ್ಕೆ ಮೊದಲು ರಬ್ಬರ್, ಆಮೇಲೆ ಸ್ಟೀರಿಯೊ

ಮಾರುತಿ 800 ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಆದರೂ ನಮ್ಮ ಬೀದಿಯಲ್ಲೇ ಇನ್ನೂ ಎರಡು ಓಡಾಡ್ತಿವೆ, ಒಂದು ನಮ್ಮನೇದು. 796 ಸಿಸಿ, ಮೂರು ಸಿಲಿಂಡರ್. ಬಾನೆಟ್ ಎತ್ತಿದರೆ ಎಲ್ಲಾ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ಮನೆಯಲ್ಲೇ ರಿಪೇರಿ ಕಲಿಯೋಕೆ ಹೇಳಿ ಮಾಡಿಸಿದ ಕಾರು.

ಅಗ್ಗಕ್ಕೆ ಹಳೇ ಕಾರು ಕೊಂಡವರು ಮೊದಲು ಹಾಕಿಸೋದು ಸೀಟ್ ಕವರ್, ಸ್ಟೀರಿಯೊ. ನನ್ನ ಮಾತು ಕೇಳಿ, ಮೊದಲ ದುಡ್ಡು ರಬ್ಬರ್‌ಗೆ ಹೋಗಲಿ. ಕಾರು ನಿಂತಲ್ಲೇ ನಿಂತಿದ್ರೂ ರಬ್ಬರ್‌ಗೆ ವಯಸ್ಸಾಗುತ್ತೆ. ಟೈರ್ ಪಕ್ಕದಲ್ಲಿರೋ ನಾಲ್ಕಂಕಿ ಓದಿ: 2312 ಅಂದ್ರೆ 2012ರ 23ನೇ ವಾರ ತಯಾರಾದದ್ದು. ಗ್ರಿಪ್ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬದಲಿಸಿ. ಆಮೇಲೆ ಪೆಟ್ರೋಲ್ ಪೈಪ್, ರೇಡಿಯೇಟರ್ ಹೋಸ್, ಫ್ಯಾನ್ ಬೆಲ್ಟ್. ಪೈಪ್ ಬಿರುಕು ಬಿಟ್ಟರೆ ಬೆಂಕಿಯ ಭಯ. ಹೋಸ್ ಒಡೆದರೆ ಶಿರಾಡಿ ಘಾಟಿಯ ನಡುವೆ ಎಂಜಿನ್ ಕುದಿಯುತ್ತೆ.

ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಬ್ಯಾಟರಿ ಟರ್ಮಿನಲ್: ಒಂದು ಭಾನುವಾರದ ಕೆಲಸ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಇಲ್ಲದಿದ್ರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರಬಹುದು. ಕಾರಿನ ಜೊತೆ ಬಂದ ಜ್ಯಾಕ್ ಟೈರ್ ಬದಲಿಸೋಕೆ ಮಾತ್ರ. ಅದನ್ನೇ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ. ಪಾರ್ಟ್ಸ್‌ಗೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಹಳೇ ಪಾರ್ಟ್ ಕೈಯಲ್ಲಿ ಹಿಡಿದೇ ಹೋಗಿ.

ಬ್ರೇಕ್ ಮಾತ್ರ ಪಳಗಿದ ಮೆಕ್ಯಾನಿಕ್‌ಗೆ ಬಿಡಿ, ಪಕ್ಕದಲ್ಲೇ ನಿಂತು ನೋಡಿ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ ತಪಾಸಣೆ ಇದ್ದೇ ಇದೆ. ಆದ್ರೆ ಅದು ಐದು ವರ್ಷಕ್ಕೊಮ್ಮೆ. ಹಿಂದಿನ ಸೀಟಲ್ಲಿ ಅಮ್ಮ ಕೂರೋದು ಪ್ರತಿ ವಾರ.