ಅಶೋಕದ ತೊಗಟೆ ಯಾವ ಮರದ್ದು?

ಕೆಂಪೇಗೌಡನ ಕೋಟೆಯ ನೆನಪು ಹೊತ್ತ ಬೆಟ್ಟದ ಬುಡದ ಹುಲಿಯೂರುದುರ್ಗದ ಸೀಮೆಯಲ್ಲಿಯೂ, ನಾಡಿನ ಇತರ ಕಡೆಗಳಂತೆಯೇ, ಮುಟ್ಟಿನ ಸ್ರಾವ ಮಿತಿಮೀರಿದ ಹೆಣ್ಣುಮಗಳಿಗೆ ಹಿರಿಯರು ಅಶೋಕದ ಕಷಾಯವನ್ನು ಸೂಚಿಸುವುದುಂಟು. ಇದಕ್ಕೆ ಗ್ರಂಥಾಧಾರವೂ ಇದೆ; ಅಶೋಕಾರಿಷ್ಟದ ಯೋಗವು ‘ಭೈಷಜ್ಯರತ್ನಾವಳಿ’ಯಲ್ಲಿ ಬಂದಿದೆ. ಆದರೆ ಗ್ರಂಥದ ಅಶೋಕವೇ ಗ್ರಂಧಿಗೆ ಅಂಗಡಿಯ ಪೊಟ್ಟಣದಲ್ಲಿಯೂ ಇರುವುದೆ?

ನಿಜವಾದ ಅಶೋಕವು ಪಶ್ಚಿಮಘಟ್ಟದ ತಂಪು ಕಾಡಿನ ಮರ. ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುವಂಥದು. ಶಾಲೆಯ ಅಂಗಳದಲ್ಲಿ ಕಂಬದಂತೆ ನೆಟ್ಟಗೆ ನಿಂತು ಅಲೆಯಂಚಿನ ಉದ್ದೆಲೆ ತೂಗುವ ಮರಕ್ಕೂ ಜನರು ಅದೇ ಹೆಸರಿಟ್ಟಿರುವರು. ಅದು ಬೇರೆಯೇ ಕುಲದ್ದು. ತೊಗಟೆಯನ್ನು ಸುಲಿದು ಒಣಗಿಸಿದ ಮೇಲೆ ಇವೆರಡರ ಭೇದವನ್ನು ಬರಿಗಣ್ಣು ಹೇಗೆ ಬಲ್ಲುದು! ದೇಶದ ಅಂಗಡಿಗಳಿಂದ ತಂದ ಅಶೋಕದ ತೊಗಟೆಯ ವಂಶತಂತುವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ ಎಂಬತ್ತಕ್ಕೂ ಮಿಕ್ಕ ಮಾದರಿಗಳು ಅಶೋಕವೇ ಅಲ್ಲವೆಂದು ತಿಳಿದುಬಂತು. ಕುಡಿದವಳಿಗೆ ಗುಣವಾಗದಿದ್ದರೆ ಮದ್ದನ್ನು ಹಳಿಯಬೇಕೋ ಅಂಗಡಿಯವನನ್ನೋ! ನಿಜವಾದ ತೊಗಟೆಯ ಮೇಲೂ ಸ್ತ್ರೀಯರಲ್ಲಿ ನಡೆದ ಕಟ್ಟುನಿಟ್ಟಾದ ಪರೀಕ್ಷೆಗಳು ವಿರಳ.

ಶತಾವರಿಯನ್ನು ನಮ್ಮವರು ಹಲವು ಮಕ್ಕಳ ತಾಯಿ ಬೇರೆಂದು ಕರೆಯುವರು. ಒಂದೇ ಬುಡಕ್ಕೆ ಹತ್ತಾರು ಗಡ್ಡೆಗಳು ಜೋತಿರುವುದನ್ನು ಕಂಡರೆ ಹೆಸರು ಒಪ್ಪುತ್ತದೆ. ಬಂಜೆತನವನ್ನು ನೀಗುತ್ತದೆಂಬುದಕ್ಕೆ ಮಾತ್ರ ಗಟ್ಟಿಯಾದ ಸಾಕ್ಷ್ಯವಿಲ್ಲ. ಬಾಣಂತಿಯ ಹಾಲಿನ ವಿಷಯದಲ್ಲಿ 1996ರ ಭಾರತೀಯ ಪರೀಕ್ಷೆಯೊಂದು ಪ್ರಯೋಜನ ಕಾಣಲಿಲ್ಲ, 2011ರ ಮತ್ತೊಂದು ಕಂಡಿತು.

ಶುಂಠಿಯ ಪಾಡು ಮೇಲು. ಮುಟ್ಟಿನ ಹೊಟ್ಟೆನೋವಿಗೆ ದಿನಕ್ಕೆ ಸುಮಾರು ಒಂದು ಗ್ರಾಂ ಶುಂಠಿಪುಡಿಯು ನೋವುಶಾಮಕ ಗುಳಿಗೆಗೆ ಸಮನಾದುದನ್ನು 2009ರಲ್ಲಿ ಇರಾನಿನ ಸಂಶೋಧಕರು ತೋರಿಸಿದರು. ಸಣ್ಣ ಪರೀಕ್ಷೆಯಾದರೂ ಆನಂತರದವುಗಳಲ್ಲಿ ಕೆಲವು ಅದೇ ದಿಕ್ಕಿನಲ್ಲಿವೆ. ಅಡಿಗೆಮನೆಯ ಅಜ್ಜಿಗೆ ಇದು ಹೊಸ ಸಮಾಚಾರವೇನೂ ಅಲ್ಲ.

ಕಷಾಯದಿಂದ ಆಗುವ ದೊಡ್ಡ ನಷ್ಟವು ಕಾಲಹರಣ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದು ಗರ್ಭಕೋಶದ ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು. ಮುಟ್ಟು ತಪ್ಪಿದವಳಿಗೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು ಬಂದರೆ ಗರ್ಭವು ನಾಳದಲ್ಲಿ ನಿಂತಿರಬಹುದು. ಇಂಥವರು ಮದ್ದಿನ ಗುಣ ಕಾಯುತ್ತ ಕೂಡದೆ ಕುಣಿಗಲಿನ ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು. ಹೋಗುವಾಗ ಕುಡಿದ ಕಷಾಯದ ಪೊಟ್ಟಣವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ವೈದ್ಯರ ಮುಂದಿಡುವುದು ಒಳ್ಳೆಯದು.