ಅರಸರಿಗೆ ರಾಜಧನ, ನಮಗೆ ಬರೀ ಕಾಗದ



ಹಾಸ್ಟೆಲಿನಲ್ಲಿ ಸೀಟು ಸಿಗದೆ ಗದಗ-ಬೆಟಗೇರಿಯಲ್ಲಿ ಖೋಲಿ ಹುಡುಕಿದವರಿಗೆ ಈ ಮಾತು ಹೊಸದಲ್ಲ.

"ಯಾವೂರು ತಮ್ಮಾ?"

"ಮುಂಡರಗಿ ಕಡೆಯವ್ರೀ."

"ಊರಾಗ ಯಾವ ಓಣಿ?"

ಓಣಿ ಹೇಳಿದ ಕೂಡಲೆ ಖೋಲಿ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತದೆ! ಜಾತಿ ಕೇಳಲಿಲ್ಲ ನೋಡ್ರಿ, ಓಣಿ ಕೇಳಿದರು ಅಷ್ಟೆ.

ಇದೇ ಪ್ರಶ್ನೆಯನ್ನು ಜಪಾನಿನಲ್ಲೂ ಕೇಳುತ್ತ ಬಂದಿದ್ದಾರೆ ಎಂದರೆ ನಂಬುತ್ತೀರಾ?

ನಾವು ಪುಸ್ತಕದಲ್ಲಿ ಓದುವ ಜಪಾನ್ ಬೇರೆ. ಎರಡು ನೂರು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಹಾಕಿಕೊಂಡು ಕುಳಿತಿದ್ದ ದೇಶ ಅದು. 1853ರಲ್ಲಿ ಅಮೆರಿಕದ ಯುದ್ಧ ಹಡಗುಗಳು ಬಂದು ಬಾಗಿಲು ಬಡಿದವು. 1868ರಲ್ಲಿ ತೊಕುಗಾವಾ ಮನೆತನದ ಆಳ್ವಿಕೆ ಉರುಳಿ ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂತು. ರೈಲು, ಶಾಲೆ, ಸೈನ್ಯ, ಕಾರ್ಖಾನೆ ಎಲ್ಲ ಬಂದವು. 1905ರ ಹೊತ್ತಿಗೆ ರಶಿಯಾವನ್ನೇ ಸೋಲಿಸಿತು. ಓದಿ ಬೆರಗಾಗುತ್ತೇವೆ. ಆದರೆ ಸತ್ತ ದನ ಎತ್ತಿದವರು, ಚರ್ಮ ಹದ ಮಾಡಿದವರು ಆ ಪಾಠದಲ್ಲಿ ಎಲ್ಲಿ?

ಅವರು ಅಲ್ಲಿಯೂ ಇದ್ದರು. 'ಎತಾ' ಎಂದರೆ ಹೊಲಸು ತುಂಬಿದವರು, 'ಹಿನಿನ್' ಎಂದರೆ ಮನುಷ್ಯರಲ್ಲದವರು ಎಂದು ಅವರನ್ನು ಕರೆದು ಬೇರೆ ಕೇರಿಗಳಲ್ಲಿ ಇಟ್ಟಿದ್ದರು. 1871ರಲ್ಲಿ ಸರ್ಕಾರ ಎರಡು ಕೆಲಸ ಮಾಡಿತು. ದೊರೆಗಳ ಸಂಸ್ಥಾನಗಳನ್ನು ರದ್ದು ಮಾಡಿತು. ಎತಾ, ಹಿನಿನ್ ಎಂಬ ಹೆಸರುಗಳನ್ನೂ ರದ್ದು ಮಾಡಿತು. ಆದರೆ ಸಂಸ್ಥಾನ ಕಳೆದುಕೊಂಡ ದೊರೆಗೆ ಹಣ ಸಿಕ್ಕಿತು, ಮುಂದೆ ಬಿರುದೂ ಸಿಕ್ಕಿತು. ಕೇರಿಯವನಿಗೆ ಸಿಕ್ಕಿದ್ದು ಆಜ್ಞೆಯ ಕಾಗದ ಒಂದೇ. ಅವನ ಕೈಯಲ್ಲಿದ್ದ ಚರ್ಮದ ಕಸುಬು ದುಡ್ಡಿದ್ದವರ ಪಾಲಾಯಿತು, ಮೇಲೆ ತೆರಿಗೆ ಬಂತು. 'ಹೊಸ ಪ್ರಜೆ' ಎಂಬ ಹೊಸ ಹಣೆಪಟ್ಟಿ ಬಂತು. 1873ರಲ್ಲಿ ಮಿಮಾಸಾಕಾ ಸೀಮೆಯಲ್ಲಿ ದಂಗೆ ಎದ್ದ ರೈತರು ಅವರ ಮನೆಗಳಿಗೆ ಬೆಂಕಿ ಇಟ್ಟರು, ಜನರನ್ನು ಕೊಂದರು. ಇವರು ನಮ್ಮ ಸಮ ಹೇಗಾದಾರು ಎಂಬುದು ಆ ಸಿಟ್ಟಿನ ಒಂದು ಕಾರಣ.

ಈಗ ನಮ್ಮ ಸೀಮೆಗೆ ಬರೋಣ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ಗದಗ, ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತದವು. 1948ರಲ್ಲಿ ಸಂಸ್ಥಾನಗಳು ಮುಂಬಯಿಯಲ್ಲಿ ಸೇರಿಹೋದವು. ಅರಸರಿಗೆ 1971ರ ತನಕ ರಾಜಧನ ನಡೆಯಿತು. ನಮಗೆ ಬಂದದ್ದು 1950ರ ಸಂವಿಧಾನದ 17ನೆಯ ಕಲಮು.

ಹಳ್ಳಿಯ ಚಾಕರಿಯ ಕತೆ ಇನ್ನೂ ಕಹಿ. 1874ರ ಮುಂಬಯಿ ವತನ ಕಾಯಿದೆ ನಮ್ಮ ಹಿರಿಯರನ್ನು ಚೂರು ಹೊಲದ ಆಸೆ ತೋರಿಸಿ ಊರ ಚಾಕರಿಗೆ ಕಟ್ಟಿಹಾಕಿತ್ತು. ಅದನ್ನು ಬಿಡಿಸಲು ಬಾಬಾಸಾಹೇಬರು 1928ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಅದು ಕಾಯಿದೆ ಆಗಲಿಲ್ಲ. ನಮ್ಮ ರಾಜ್ಯದಲ್ಲಿ ವತನ ರದ್ದಿನ ಕಾಯಿದೆ ಆದದ್ದು 1961ರಲ್ಲಿ. ಆಗಲೂ ಏನಾಯಿತು? ಅರಸನಿಗೆ ಸರ್ಕಾರ ಹಣ ಕೊಟ್ಟಿತ್ತು. ಚಾಕರಿ ಮಾಡಿದವನು ಅದೇ ಹೊಲ ತನ್ನ ಹೆಸರಿಗೆ ಆಗಬೇಕಾದರೆ ತಾನೇ ಸರ್ಕಾರಕ್ಕೆ ಹಣ ಕಟ್ಟಬೇಕಾಯಿತು! ಇದು ಯಾವ ನ್ಯಾಯ?

ಹಾಗಾದರೆ ಕಾಯಿದೆ ಬೇಡವೇ? ಬೇಕು. ಕಾಲೂರಲು ನೆಲ ಬೇಕು. ಆದರೆ ನೆಲ ತಾನಾಗಿ ನಡೆಯುವುದಿಲ್ಲ, ನಡೆಯಬೇಕಾದವರು ನಾವು. ಜಪಾನಿನ ಕೇರಿಯವರು ಐವತ್ತು ವರ್ಷ ಕಾದು ನೋಡಿ 1922ರಲ್ಲಿ ಕ್ಯೋಟೋ ನಗರದಲ್ಲಿ ತಮ್ಮದೇ ಸಂಘ ಕಟ್ಟಿದರು. ಹೆಸರು ಸುಯ್‌ಹೇಶಾ. ನಿಂತ ನೀರಿನ ಹಾಗೆ ಎಲ್ಲರನ್ನೂ ಸಮ ಮಾಡುವವರು ಎಂಬ ಅರ್ಥ. ಕರುಣೆ ಬೇಡ, ನಮ್ಮ ಬಿಡುಗಡೆ ನಮ್ಮ ಕೈಯಲ್ಲೇ ಎಂದರು. ಐದು ವರ್ಷದ ಮೇಲೆ, 1927ರಲ್ಲಿ, ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದರು. ಒಬ್ಬರ ಸುದ್ದಿ ಕೇಳಿ ಇನ್ನೊಬ್ಬರು ಮಾಡಿದ್ದು ಎಂದು ನಾವು ಹೇಳುತ್ತಿಲ್ಲ. ನೋವು ಒಂದೇ ಆದಾಗ ದಾರಿಯೂ ಒಂದೇ ಆಗುತ್ತದೆ.

ಈ ಜನರನ್ನು ಇಂದು 'ಬುರಾಕು'ದವರು ಅನ್ನುತ್ತಾರೆ. ಬುರಾಕು ಎಂದರೆ ಕೇರಿ, ಅಷ್ಟೆ! 1975ರಲ್ಲಿ ಒಂದು ಗುಟ್ಟು ಬಯಲಾಯಿತು. ಬುರಾಕುಗಳ ವಿಳಾಸದ ಪಟ್ಟಿ ಮಾಡಿ ಕಂಪನಿಗಳಿಗೆ ಮಾರುತ್ತಿದ್ದರು. ನೌಕರಿ ಕೊಡುವ ಮುಂಚೆ ಓಣಿ ನೋಡಲಿಕ್ಕೆ! ಅಷ್ಟು ಮುಂದುವರಿದ ದೇಶ 2016ರಲ್ಲಿ ಮತ್ತೊಂದು ಕಾಯಿದೆ ಮಾಡಿ, ಈ ಭೇದ ಇನ್ನೂ ಇದೆ ಎಂದು ಒಪ್ಪಬೇಕಾಯಿತು. ರೈಲು ಬಂದರೆ ಜಾತಿ ಹೋಗುತ್ತದೆ ಅನ್ನುವವರಿಗೆ ಇದನ್ನು ತೋರಿಸಿರಿ.

ತಮ್ಮಂದಿರೆ, ತಂಗಿಯರೆ, ಖೋಲಿಗಾಗಿ ಓಣಿಯ ಹೆಸರು ಬದಲಿಸಿ ಹೇಳಬೇಡಿರಿ. ಒಬ್ಬೊಬ್ಬರೇ ಹೋಗಿ ತಲೆ ತಗ್ಗಿಸಿ ಬರುವುದಕ್ಕಿಂತ ಹತ್ತು ಮಂದಿ ಕೂಡಿ ಹೋಗಿ ಯಾಕೆ ಇಲ್ಲ ಅಂತ ಕೇಳಿರಿ. ರಜೆಗೆ ಊರಿಗೆ ಹೋದಾಗ ಅಜ್ಜನ ಹತ್ತಿರ ಕುಳಿತು ಚಾಕರಿಯ ಹೊಲ ಎಲ್ಲಿತ್ತು ಎಂದು ಕೇಳಿರಿ. ತಾಲೂಕು ಕಚೇರಿಗೆ ಹೋಗಿ ಉತಾರ ತೆಗೆಸಿರಿ. ಅದರಲ್ಲಿ ಇಂದು ಯಾರ ಹೆಸರು ಇದೆ?

ಆ ಹೆಸರು ಬರೆದುಕೊಂಡು ಮುಂದಿನ ಸಭೆಗೆ ಬರ್ರಿ. ಅಲ್ಲಿಂದ ನಮ್ಮ ಕೆಲಸ ಸುರುವಾಗಲಿ.